ಮನೆಗೊಂದು ಕಂಪ್ಯೂಟರು: ಕೊಳ್ಳುವ ಮುನ್ನ

ನೆರೂಳಿನ ಉಪಾಹಾರಗೃಹವೊಂದರ ಗಲ್ಲಾದಲ್ಲಿ ಕೂರುವ ನಮ್ಮ ಕಡೆಯ ಬಂಧುವೊಬ್ಬರು ಕಳೆದ ಮಳೆಗಾಲದಲ್ಲಿ ಹನ್ನೊಂದನೆಯ ತರಗತಿ ಸೇರಿದ ಮಗನಿಗಾಗಿ ಒಂದು ಲ್ಯಾಪ್‌ಟಾಪ್ ಕೊಂಡರು. ಹೊಸದಲ್ಲ, ಬಳಸಿದ ಯಂತ್ರ. ಆದರೂ ಊರಿಗೆ ಕಳುಹಬೇಕಾಗಿದ್ದ ಹಣದಲ್ಲಿ ಎರಡು ತಿಂಗಳಿನದು ಅದಕ್ಕೇ ಹೋಯಿತು. ಅಂಗಡಿಯವನು ಯಂತ್ರದ ಮೇಲೆ ಅಂಟಿಸಿದ್ದ ‘ಐ5’ ಎಂಬ ಚೀಟಿಯನ್ನು ತೋರಿಸಿದನು. ವಿಂಡೋಸ್, ಆಫೀಸ್, ಟ್ಯಾಲಿ, ಫೋಟೋಶಾಪ್ ಎಲ್ಲವನ್ನೂ ಪುಕ್ಕಟೆಯಾಗಿ ತುಂಬಿಕೊಟ್ಟನು. ಬಿಲ್ಲು ಬೇಕೆಂದರೆ ಜಿಎಸ್‌ಟಿಯೆಂದು ನೂರಕ್ಕೆ 18 ಕೂಡಿಸಬೇಕಾಗುತ್ತದೆ ಎಂದನು. ಇವರು ಬಿಲ್ಲಿಲ್ಲದೆ ಬಂದರು. ದೀಪಾವಳಿಯ ಹೊತ್ತಿಗೆ ಆ ಯಂತ್ರವು ತೆರೆದುಕೊಳ್ಳಲು ಹತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಪರದೆಯ ಮೇಲೆ ಕರೆಯದ ಜಾಹೀರಾತುಗಳು ಕುಣಿಯುತ್ತಿದ್ದವು. ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುತ್ತಿರಲಿಲ್ಲ. ಹಿಂದಕ್ಕೆ ಒಯ್ದಾಗ ಅಂಗಡಿಯವನು ಬಿಲ್ಲು ತೋರಿಸಿರೆಂದನು.

“ಐ5 ಅಂತ ಅವನೇ ಹೇಳಿದ್ದು ಮಾರಾಯ್ರೆ. ನಾನು ಕೇಳಿದ್ದು ಕಂಪ್ಯೂಟರು, ಗ್ರಹಚಾರ ಅಲ್ಲ” ಎಂದು ಅವರು ನಮ್ಮಲ್ಲಿ ಅಲವತ್ತುಕೊಂಡರು.

ಅವರೊಬ್ಬರ ಗ್ರಹಚಾರವಾಗಿದ್ದರೆ ನಾವು ಇಷ್ಟು ಉದ್ದ ಬರೆಯಬೇಕಾಗಿರಲಿಲ್ಲ. ನೆರೂಳ, ಜೂಯಿನಗರ, ಸಾನಪಾಡಾ ಭಾಗಗಳ ನಮ್ಮ ಹೋಟೆಲ್ ನೌಕರರೂ ಗುಮಾಸ್ತರೂ ಇದೇ ಪ್ರಶ್ನೆಯನ್ನು ಹಲವು ವಿಧವಾಗಿ ಕೇಳುತ್ತಿರುತ್ತಾರೆ. ‘ಯಾವ ಕಂಪನಿಯದು ಒಳ್ಳೆಯದು?’ ಎಂದು ಎಲ್ಲರೂ ಕೇಳುವರು. ‘ನಮಗೆ ಅದರಿಂದ ಆಗಬೇಕಾದ ಕೆಲಸ ಯಾವುದು?’ ಎಂದು ಕೇಳಿದವರನ್ನು ನಾವು ಕಂಡಿಲ್ಲ. ನಮ್ಮ ಅಭಿಪ್ರಾಯದಲ್ಲಿ ಹಣ ಉಳಿಯುವುದೂ ಮುಳುಗುವುದೂ ಈ ಎರಡನೆಯ ಪ್ರಶ್ನೆಯಲ್ಲಿಯೇ. ಮೇಲೆ ಹೇಳಿದ ಬಂಧುವನ್ನೇ ವಿಚಾರಿಸಲಾಗಿ, ಮಗನಿಗೆ ಕಾಲೇಜಿನ ಪಾಠ ಮತ್ತು ಬರೆವಣಿಗೆ, ತಮಗೆ ಟ್ಯಾಲಿ ಕಲಿತು ಗಲ್ಲಾದಿಂದ ಆಫೀಸಿಗೆ ಬಡ್ತಿ ಪಡೆಯುವ ಆಸೆ, ಮನೆಯಾಕೆಗೆ ಮಹಿಳಾ ಮಂಡಳದ ವರದಿಯನ್ನು ಕನ್ನಡದಲ್ಲಿ ಟೈಪು ಮಾಡುವ ಅಗತ್ಯ, ಇಷ್ಟು ಹೊರಬಿದ್ದವು. ಫೋಟೋಶಾಪಿನ ಹೆಸರನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮೊದಲು ಮಾರುಕಟ್ಟೆಯ ಪರಿಸ್ಥಿತಿಯನ್ನು ತಿಳಿಯತಕ್ಕದ್ದು. ಮಹಾಪೆ, ಐರೋಲಿ, ತುರ್ಭೆಗಳಲ್ಲಿರುವಂಥ ದೊಡ್ಡ ಕಚೇರಿಗಳು ತಮ್ಮ ಯಂತ್ರಗಳನ್ನು ಕೆಲವೇ ವರ್ಷಗಳಿಗೊಮ್ಮೆ ಒಟ್ಟಾಗಿ ಬದಲಾಯಿಸುವುದು ವಾಡಿಕೆ. ಹಾಗೆ ಹೊರಬಂದ ಡೆಲ್, ಎಚ್‌ಪಿ, ಲೆನೊವೊ ಯಂತ್ರಗಳು ಹೊಸದರ ಬೆಲೆಯ ಒಂದಂಶಕ್ಕೆ ಸಿಗುತ್ತವೆ. ಕಚೇರಿಗಾಗಿ ತಯಾರಾದವಾದ್ದರಿಂದ ಅವು ಗಟ್ಟಿಮುಟ್ಟು. ಬಿಚ್ಚಿ ರಿಪೇರಿ ಮಾಡುವುದೂ ಸುಲಭ. ಬಡವನ ಮನೆಗೆ ಹೊಸ ಅಗ್ಗದ ಲ್ಯಾಪ್‌ಟಾಪಿಗಿಂತ ಇಂತಹ ಹಳೆಯ ಕಚೇರಿಯ ಯಂತ್ರವೇ ಮೇಲೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಆದರೆ ಇದರಲ್ಲಿ ಒಂದು ತೊಡಕುಂಟು. ಮೈಕ್ರೋಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸುರಕ್ಷೆಯ ತಿದ್ದುಪಡಿಗಳನ್ನು ನಿಲ್ಲಿಸಿತು. ಮನೆಬಳಕೆಯವರು ಕೋರಿಕೊಂಡರೆ ಮತ್ತೊಂದು ವರ್ಷದ ಅವಧಿಯನ್ನು ಮಾತ್ರ ಕೊಟ್ಟಿತು. ಮುಂದಿನ ವಿಂಡೋಸ್ 11 ಎಲ್ಲ ಹಳೆಯ ಯಂತ್ರಗಳನ್ನೂ ಅಂಗೀಕರಿಸುವುದಿಲ್ಲ. ಇಂಟೆಲ್ ಕಂಪನಿಯ ಪ್ರೊಸೆಸರಾದರೆ ಎಂಟನೆಯ ತಲೆಮಾರಿನದೋ ಅದಕ್ಕೂ ಈಚಿನದೋ ಆಗಿರಬೇಕು. ಅದಕ್ಕಿಂತ ಹಳೆಯವು ರಾಶಿರಾಶಿಯಾಗಿ ಅಂಗಡಿಗೆ ಬಂದು ಬಿದ್ದಿವೆ. ಕೆಲವು ವ್ಯಾಪಾರಿಗಳು ಅಡ್ಡದಾರಿಯಿಂದ ಅವುಗಳಲ್ಲಿಯೂ ವಿಂಡೋಸ್ 11 ಹಾಕಿ, ಗಿರಾಕಿಗೆ ತಿಳಿಸದೆ ಮಾರುತ್ತಾರೆ. ಅಂದು ಅದು ಓಡೀತು. ಮುಂದಿನ ತಿದ್ದುಪಡಿ ಬರುವುದೆಂಬ ಭರವಸೆ ಮಾತ್ರ ಇಲ್ಲ.

ತಲೆಮಾರನ್ನು ಕಂಡುಹಿಡಿಯುವುದು ಕಷ್ಟವೇನಲ್ಲ. ‘ಐ5’ ಎಂಬುದು ಕೇವಲ ದರ್ಜೆಯ ಹೆಸರು. ಮಸಾಲೆದೋಸೆ ಎಂದ ಮಾತ್ರಕ್ಕೆ ಹಿಟ್ಟು ಇಂದಿನದೋ ಮೊನ್ನೆಯದೋ ತಿಳಿಯುವುದುಂಟೆ? ಅದರ ಮುಂದಿರುವ ಸಂಖ್ಯೆಯನ್ನು ಓದಬೇಕು. 8500 ಎಂದಿದ್ದರೆ ಎಂಟನೆಯ ತಲೆಮಾರು, 6500 ಎಂದಿದ್ದರೆ ಆರನೆಯದು. 10400ರಂತೆ ಐದು ಅಂಕೆಗಳಿದ್ದರೆ ಮೊದಲಿನ ಎರಡು ಅಂಕೆಗಳು ಸೇರಿ ಹತ್ತನೆಯದು. ಚೀಟಿಯನ್ನು ನಂಬಬಾರದು, ಚೀಟಿಗಳು ಬಿಡಿಯಾಗಿಯೂ ಸಿಗುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು; ಅದರ ‘ಪರ್ಫಾರ್ಮೆನ್ಸ್’ ಪುಟದಲ್ಲಿ ಪ್ರೊಸೆಸರಿನ ಪೂರ್ಣ ಹೆಸರೂ ರ್‍ಯಾಮಿನ ಪ್ರಮಾಣವೂ ಡಿಸ್ಕಿನ ಜಾತಿಯೂ ಕಾಣುತ್ತವೆ. ನಮ್ಮ ಬಂಧುವಿನ ಯಂತ್ರವನ್ನು ಹೀಗೆ ನೋಡಿದಾಗ ಅದು ನಾಲ್ಕನೆಯ ತಲೆಮಾರಿನದೆಂದು, ಅಂದರೆ 2013ರಲ್ಲಿ ಪೇಟೆಗೆ ಬಂದ ಸಾಲಿನದೆಂದು ತಿಳಿಯಿತು.

ಈ ರ್‍ಯಾಮ್ ಮತ್ತು ಡಿಸ್ಕುಗಳ ಭೇದವನ್ನು ಹೋಟೆಲಿನವರಿಗೆ ವಿವರಿಸುವುದು ಬಹಳ ಸುಲಭ. ಡಿಸ್ಕೆಂದರೆ ಉಗ್ರಾಣ, ರ್‍ಯಾಮ್ ಎಂದರೆ ಅಡಿಗೆಯವನ ಮುಂದಿರುವ ಕಟ್ಟೆ. ಕಟ್ಟೆ ಚಿಕ್ಕದಾದರೆ ಪ್ರತಿಯೊಂದಕ್ಕೂ ಉಗ್ರಾಣಕ್ಕೆ ಓಡಬೇಕು. ಉಗ್ರಾಣದ ಬಾಗಿಲು ಬಿಗಿಯಾದರೆ ಅಡಿಗೆಯವನು ಎಷ್ಟು ಚುರುಕಾಗಿದ್ದರೂ ವ್ಯರ್ಥ. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕ್ ಅಂತಹ ಬಿಗಿ ಬಾಗಿಲು. ಅದನ್ನು ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಹಳೆಯ ಯಂತ್ರವೂ ಗುರುತು ಸಿಗದಷ್ಟು ಚುರುಕಾಗುತ್ತದೆ. ಮನೆಗೆ 256 ಜಿಬಿಯ ಎಸ್‌ಎಸ್‌ಡಿ, 8 ಜಿಬಿಯ ರ್‍ಯಾಮ್ ಸಾಕು. 4 ಜಿಬಿಯದನ್ನು ಈಗ ಕೊಂಡು ಆಮೇಲೆ ಹೆಚ್ಚಿಸಿಕೊಳ್ಳೋಣ ಎಂಬ ಲೆಕ್ಕಾಚಾರವು ಮೊದಲಿನಂತೆ ಲಾಭದ್ದಲ್ಲ. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಮೆಮೊರಿಯನ್ನು ಸಗಟಾಗಿ ಕೊಳ್ಳತೊಡಗಿದ ಕಾರಣ 2025ರ ಕೊನೆಯ ತಿಂಗಳುಗಳಲ್ಲಿ ಅದರ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಅಮೆರಿಕದಲ್ಲಿ ಯಂತ್ರಗಳಿಗೆ ಬುದ್ಧಿ ಬಂದರೆ ನೆರೂಳಿನ ಗುಮಾಸ್ತನ ಕಿಸೆಗೆ ಕತ್ತರಿ ಬೀಳುವ ಕಾಲವಿದು. 8 ಜಿಬಿ ಇರುವ ಯಂತ್ರವನ್ನೇ ಕೇಳಿ ಕೊಳ್ಳಬೇಕು.

ಲ್ಯಾಪ್‌ಟಾಪೋ ಮೇಜಿನ ಯಂತ್ರವೋ ಎಂಬುದು ವಾಸಸ್ಥಳವನ್ನು ಅವಲಂಬಿಸಿದ ಮಾತು. ಹೋಟೆಲಿನ ಮೇಲಿನ ಖೋಲಿಯಲ್ಲಿ ಎಂಟು ಜನರೊಡನೆ ಮಲಗುವ ಹುಡುಗನಿಗೆ ಟ್ರಂಕಿನಲ್ಲಿಟ್ಟು ಬೀಗ ಹಾಕಬಹುದಾದ ಲ್ಯಾಪ್‌ಟಾಪೇ ಗತಿ. ಸಂಸಾರವಿರುವ ಮನೆಗಾದರೆ, ಸಿಡ್ಕೋದ ಒಂದು ಕೋಣೆಯ ಮನೆಯಾದರೂ ಸರಿಯೆ, ದಪ್ಪ ಪುಸ್ತಕದಷ್ಟೇ ಗಾತ್ರದ ಚಿಕ್ಕ ಡೆಸ್ಕ್‌ಟಾಪುಗಳಿವೆ. ಅದೇ ಹಣಕ್ಕೆ ಅವು ಲ್ಯಾಪ್‌ಟಾಪಿಗಿಂತ ಹೆಚ್ಚಿನ ಶಕ್ತಿ ಕೊಡುತ್ತವೆ, ಸವೆದುಹೋಗುವ ಬ್ಯಾಟರಿಯ ತಾಪತ್ರಯವೂ ಇಲ್ಲ. ಮಾನಿಟರಿಗೆ ಹಣವಿಲ್ಲದಿದ್ದರೆ ಮನೆಯ ಟಿವಿಯ ಹಿಂದೆ ಎಚ್‌ಡಿಎಂಐ ಎಂದು ಬರೆದಿರುವ ರಂಧ್ರವಿದೆಯೇ ನೋಡಿರಿ, ಅದಕ್ಕೇ ಜೋಡಿಸಬಹುದು. ಅಕ್ಷರಗಳು ಮಾನಿಟರಿನಷ್ಟು ತೀಡಿದಂತೆ ಕಾಣವು, ಮನೆಯವರ ಧಾರಾವಾಹಿಯ ಹೊತ್ತಿನಲ್ಲಿ ಜಗಳವೂ ಆದೀತು, ಆರಂಭಕ್ಕೆ ನಡೆಯುತ್ತದೆ. ಅಂಗಡಿಯಲ್ಲಿ ಯಾರೂ ಹೇಳದ ಎರಡು ಸಂಗತಿಗಳುಂಟು. ಇಂತಹ ಕಚೇರಿಯ ಡೆಸ್ಕ್‌ಟಾಪುಗಳಲ್ಲಿ ಅನೇಕಕ್ಕೆ ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಎಂಬ ಬೇರೆ ರಂಧ್ರವಿರುತ್ತದೆ. ಎರಡನ್ನೂ ಬೆಸೆಯುವ ಕೇಬಲನ್ನು ಅಲ್ಲಿಯೇ ಕೊಳ್ಳಬೇಕು. ವೈಫೈ ಕೂಡ ಅನೇಕದರಲ್ಲಿ ಇರುವುದಿಲ್ಲ. ಚಿಕ್ಕದೊಂದು ಯುಎಸ್‌ಬಿ ಡಾಂಗಲ್ ಸಾಕು; ಅದೂ ಬೇಡವೆಂದರೆ ಫೋನನ್ನು ಚಾರ್ಜರಿನ ವಯರಿನಿಂದ ಜೋಡಿಸಿ ಅದರ ಇಂಟರ್ನೆಟ್ಟನ್ನೇ ಬಳಸಬಹುದು.

ಇನ್ನು ತಂತ್ರಾಂಶ. ಯಂತ್ರಕ್ಕೆ ಸಾವಿರ ರೂಪಾಯಿ ಕಡಿಮೆ ಮಾಡಿಸಲು ಅರ್ಧ ದಿನ ಚೌಕಾಸಿ ಮಾಡುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ‘ಎಲ್ಲಾ ತುಂಬಿಸಿ ಕೊಡಿ’ ಎಂದುಬಿಡುತ್ತಾರೆ. ಹೀಗೆ ತುಂಬಿಸಿದ ಬಹುಪಾಲು ಕದ್ದ ಮಾಲು. ಬೀಗ ಒಡೆದು ಹಂಚಿದ ತಂತ್ರಾಂಶದೊಡನೆ ಬೀಗ ಒಡೆದವನ ಕೈಚಳಕವೂ ಮನೆಯೊಳಗೆ ಬರುವುದು ಸಾಮಾನ್ಯ. ಅದೇ ಯಂತ್ರದಲ್ಲಿ ನಾವು ಬ್ಯಾಂಕಿನ ಖಾತೆಯನ್ನು ತೆರೆಯುತ್ತೇವೆ, ಊರಿಗೆ ಹಣ ಕಳುಹುತ್ತೇವೆ. ಹೋಟೆಲಿನ ಹಿಂಬಾಗಿಲ ಕೀಲಿಯನ್ನು ದಾರಿಹೋಕನಲ್ಲಿ ಮಾಡಿಸಿದಂತಾಯಿತಷ್ಟೆ.

ನ್ಯಾಯವಾಗಿಯೇ ಪುಕ್ಕಟೆ ಸಿಗುವುದು ಇಷ್ಟೊಂದಿರುವಾಗ ಕದ್ದದ್ದು ಏಕೆ ಬೇಕು? ಲಿನಕ್ಸ್ ಮಿಂಟ್ ಎಂಬ ಕಾರ್ಯವ್ಯವಸ್ಥೆಗೆ ಕಾಸು ಕೊಡಬೇಕಾಗಿಲ್ಲ. ವಿಂಡೋಸ್ 11 ಬೇಡವೆಂದ ಹಳೆಯ ಯಂತ್ರಗಳಲ್ಲಿಯೂ ಅದು ನೆಮ್ಮದಿಯಾಗಿ ಓಡುತ್ತದೆ. ನೋಟ ವಿಂಡೋಸಿನಂತೆಯೇ ಇರುವುದರಿಂದ ಕೈಗೆ ಎರಡು ವಾರದಲ್ಲಿ ಒಗ್ಗುತ್ತದೆ. ಪೆನ್‌ಡ್ರೈವಿನಿಂದಲೇ ಅದನ್ನು ಓಡಿಸಿ ನೋಡಿ, ಮನಸ್ಸಿಗೆ ಬಂದರೆ ಮಾತ್ರ ಯಂತ್ರದಲ್ಲಿ ಸ್ಥಾಪಿಸಬಹುದು. ಪತ್ರ ಬರೆಯಲೂ ಲೆಕ್ಕದ ಹಾಳೆಗಳಿಗೂ ಲಿಬ್ರೆಆಫೀಸ್ ಅದರ ಜತೆಗೇ ಬರುತ್ತದೆ. ಎಂಎಸ್-ಸಿಐಟಿ ವರ್ಗಗಳಲ್ಲಿ ವರ್ಡ್, ಎಕ್ಸೆಲ್ ಕಲಿಯುತ್ತಿರುವ ನಮ್ಮ ಗುಮಾಸ್ತರು ‘ಇದು ಬೇರೆಯಲ್ಲವೆ?’ ಎಂದು ಹಿಂಜರಿಯುವುದುಂಟು. ಮೊತ್ತ ಕೂಡಿಸುವ ಸೂತ್ರಗಳು ಎರಡರಲ್ಲೂ ಬಹುಮಟ್ಟಿಗೆ ಒಂದೇ. ವರ್ಡ್, ಎಕ್ಸೆಲೇ ಆಗಬೇಕೆಂದರೆ ಮೈಕ್ರೋಸಾಫ್ಟಿನಲ್ಲಿ ಒಂದು ಖಾತೆ ತೆರೆದು ಬ್ರೌಸರಿನೊಳಗೆ ಅವುಗಳ ಸರಳ ರೂಪವನ್ನು ಹಣ ಕೊಡದೆ ಬಳಸಬಹುದು.

ಕನ್ನಡದ ಮಾತು ಬಂದಾಗ ನಮಗೆ ತುಸು ಹೆಮ್ಮೆಯಾಗುತ್ತದೆ. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಇಂದು ಲಕ್ಷಾಂತರ ಜನರು ಬಳಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾವ್ ಅವರು ಮಂಗಳೂರಿನ ಬಳಿಯ ಕಿನ್ನಿಕಂಬಳದವರು. ನಮ್ಮೆಲ್ಲರಂತೆ ಮುಂಬಯಿಯಲ್ಲಿ ದುಡಿದವರು, ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿದ್ದವರು. ಕನ್ನಡಕ್ಕೆ ತಾವು ಮಾಡಿದ ಮೊದಲ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟರು. ಕೀಲಿಮಣೆಯ ವಿನ್ಯಾಸವನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ಕರ್ನಾಟಕ ಸರ್ಕಾರವು ಅದನ್ನೇ ಅಧಿಕೃತವೆಂದು ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವು ಅದನ್ನು ಮನೆಮನೆಗೂ ಮುಟ್ಟಿಸಿತು. ಇಂಗ್ಲಿಷಿನ ಕೆ ಕೀಲಿಯನ್ನು ಒತ್ತಿದರೆ ‘ಕ’, ಶಿಫ್ಟ್ ಹಿಡಿದು ಒತ್ತಿದರೆ ‘ಖ’. ನಡುವೆ ಎಫ್ ಒತ್ತಿದರೆ ಅಕ್ಷರಗಳು ಕೂಡಿ ಒತ್ತಕ್ಷರವಾಗುವುವು. ಲಿನಕ್ಸಿನಲ್ಲಿ ಇದು ‘ಕಗಪ’ ಎಂಬ ಹೆಸರಿನಿಂದ ಮೊದಲೇ ಅಡಕವಾಗಿದೆ. ವಿಂಡೋಸಿನವರು ನುಡಿಯನ್ನು ಹಣ ಕೊಡದೆ ಪಡೆಯಬಹುದು. ಬರೆಯುವಾಗ ಯೂನಿಕೋಡಿನಲ್ಲಿಯೇ ಬರೆಯಿರಿ. ಹಳೆಯ ಫಾಂಟಿನಲ್ಲಿ ಬರೆದದ್ದು ಮತ್ತೊಬ್ಬರ ಯಂತ್ರದಲ್ಲಿ ಅರ್ಥವಾಗದ ಚಿಹ್ನೆಗಳ ಸಾಲಾಗಿ ಕಾಣಿಸಿಕೊಳ್ಳುತ್ತದೆ.

ಟ್ಯಾಲಿಯೊಂದು ಈ ಪುಕ್ಕಟೆಯ ದಾರಿಗೆ ಅಡ್ಡ ಬರುತ್ತದೆ. ಬೆಂಗಳೂರಿನ ಕಂಪನಿಯದಾದರೂ ಅದು ವಿಂಡೋಸಿಗಾಗಿಯೇ ತಯಾರಾದದ್ದು. ಆದುದರಿಂದ ಲೆಕ್ಕಪತ್ರ ಕಲಿತು ಮುಂದೆ ಬರಬೇಕೆನ್ನುವವರು ಎಂಟನೆಯ ತಲೆಮಾರಿಗಿಂತ ಹಳೆಯದನ್ನು ಮುಟ್ಟಬಾರದು. ಪರವಾನಗಿಯುಳ್ಳ ವಿಂಡೋಸ್ 11 ಇರುವುದನ್ನೇ, ತುಸು ಹೆಚ್ಚು ಹಣವಾದರೂ, ಕೊಳ್ಳತಕ್ಕದ್ದು. ಕಲಿಕೆಗಾಗಿ ಕದ್ದ ಟ್ಯಾಲಿ ಬೇಕಾಗಿಲ್ಲ. ಕಂಪನಿಯವರೇ ಟ್ಯಾಲಿಪ್ರೈಮಿನಲ್ಲಿ ‘ಎಜುಕೇಷನಲ್ ಮೋಡ್’ ಎಂಬುದನ್ನು ಬಿಟ್ಟಿದ್ದಾರೆ. ಅದರಲ್ಲಿ ತಿಂಗಳ 1, 2 ಮತ್ತು 31ನೆಯ ತಾರೀಕುಗಳಿಗೆ ಮಾತ್ರ ವ್ಯವಹಾರಗಳನ್ನು ನಮೂದಿಸಬಹುದು. ಹೋಟೆಲಿನ ಇಡೀ ತಿಂಗಳ ಹಾಲು, ತರಕಾರಿ, ಪಗಾರಗಳನ್ನೆಲ್ಲ ಒಂದನೆಯ ತಾರೀಕಿಗೇ ಬರೆದು ಅಭ್ಯಾಸ ಮಾಡಬೇಕಾಗುತ್ತದೆ. ಕಲಿಯುವವನಿಗೆ ಅದರಿಂದ ಬಾಧಕವಿಲ್ಲ.

ಕೊಳ್ಳುವುದಾದರೂ ಎಲ್ಲಿ? ವಾಶಿಯಲ್ಲಿ ಅಂಗಡಿಗಳುಂಟು. ಆಯ್ಕೆ ಹೆಚ್ಚು ಬೇಕಾದವರು ವಾರದ ರಜೆಯ ದಿನ ಹಾರ್ಬರ್ ಗಾಡಿ ಹಿಡಿದು ಕುರ್ಲಾ, ದಾದರುಗಳಲ್ಲಿ ಬದಲಾಯಿಸಿ ಗ್ರಾಂಟ್ ರೋಡಿನಲ್ಲಿಳಿದರೆ ಪೂರ್ವಕ್ಕೆ ಲ್ಯಾಮಿಂಗ್ಟನ್ ರೋಡು. ಸರ್ಕಾರಿ ಹೆಸರು ಡಾ. ದಾದಾಸಾಹೇಬ್ ಭಡ್‌ಕಮ್‌ಕರ್ ಮಾರ್ಗ. ಮೊದಲನೆಯ ಅಂಗಡಿಯಲ್ಲಿಯೇ ಕಿಸೆಗೆ ಕೈ ಹಾಕದೆ ನಾಲ್ಕಾರು ಕಡೆ ಬೆಲೆ ವಿಚಾರಿಸಿರಿ. ಲ್ಯಾಪ್‌ಟಾಪಾದರೆ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಿರಿ. ಚಾರ್ಜರನ್ನು ತೆಗೆದು ಕಾಲು ಗಂಟೆ ಓಡಿಸಿರಿ. ಬಿಲ್ಲನ್ನು ಬಿಡಲೇಬಾರದು. ಅದರಲ್ಲಿ ಯಂತ್ರದ ಕ್ರಮಸಂಖ್ಯೆ, ಪ್ರೊಸೆಸರಿನ ಪೂರ್ಣ ಹೆಸರು, ಗ್ಯಾರಂಟಿಯ ಅವಧಿ ಬರೆದಿರಬೇಕು. ಆ ಹೆಚ್ಚಿನ ಹಣವನ್ನು ಉಳಿಸಿದವರು ಏನನ್ನು ಕಳೆದುಕೊಂಡರೆಂಬುದನ್ನು ಮೇಲೆಯೇ ಹೇಳಿದ್ದೇವೆ. ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕಕ್ಕೆ ಮರುಳಾಗಿ ದುಬಾರಿಯ ಹೊಸ ಯಂತ್ರಕ್ಕೆ ಕೈ ಹಾಕುವವರಿಗೆ ಒಂದು ಮಾತು: ಸೊನ್ನೆ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿತ್ತು. ಪ್ರಿಂಟರನ್ನಂತೂ ಯಾರೂ ಕೊಳ್ಳಬೇಡಿರಿ. ಅಪರೂಪಕ್ಕೆ ಬಳಸಿದರೆ ಶಾಯಿ ಒಣಗುತ್ತದೆ, ಸ್ಟೇಶನ್ನಿನ ಹತ್ತಿರದ ಝೆರಾಕ್ಸ್ ಅಂಗಡಿಯವನು ಇರುವುದೇ ಅದಕ್ಕಾಗಿ.

ನಮ್ಮ ಬಂಧುವಿನ ಯಂತ್ರವನ್ನು ಎಸೆಯಬೇಕಾಗಲಿಲ್ಲ. ಒಂದು ಭಾನುವಾರ ನೆರೆಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನು ಕುಳಿತು ಹಳೆಯ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿದನು. ಪುಕ್ಕಟೆ ತುಂಬಿದ್ದುದನ್ನೆಲ್ಲ ಅಳಿಸಿ ಲಿನಕ್ಸ್ ಮಿಂಟನ್ನು ಸ್ಥಾಪಿಸಿದನು. ಬ್ಯಾಟರಿ ಸತ್ತದ್ದು ಸತ್ತೇ ಇದೆ, ಪ್ಲಗ್ಗಿಗೆ ಸಿಕ್ಕಿಸಿಯೇ ಓಡಿಸುತ್ತಾರೆ. ಮಗನ ಪಾಠ ಸಾಗುತ್ತಿದೆ. ಮಹಿಳಾ ಮಂಡಳದ ಈ ಸಲದ ವರದಿ ಯೂನಿಕೋಡಿನಲ್ಲಿ ಬಂದಿತು, ಒತ್ತಕ್ಷರಗಳಲ್ಲಿ ಎರಡು ತಪ್ಪುಗಳೊಡನೆ. ಟ್ಯಾಲಿಗೆ ಮಾತ್ರ ಆ ಯಂತ್ರದಲ್ಲಿ ದಾರಿಯಾಗಲಿಲ್ಲ. ಹೋಟೆಲಿನ ಮಾಲಕರಲ್ಲಿ ಕೇಳಿಕೊಂಡದ್ದರಿಂದ, ರಾತ್ರಿ ಗಲ್ಲಾದ ಲೆಕ್ಕ ಒಪ್ಪಿಸಿದ ಮೇಲೆ ಆಫೀಸಿನ ಕಂಪ್ಯೂಟರಿನ ಮುಂದೆ ಅರ್ಧ ಗಂಟೆ ಕೂರಲು ಅವರಿಗೆ ಅನುಮತಿ ದೊರೆತಿದೆ.