ಅಡಿಕೆ ಕಟ್ಟಿದ ಪೇಟೆ

ಬೆಳಗ್ಗೆ ಪುತ್ತೂರಿನಿಂದ ಮಂಗಳೂರಿಗೆ ಹೊರಡುವ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಓದಲು, ದುಡಿಯಲು, ಆಸ್ಪತ್ರೆಗೆಂದು ಐವತ್ತು ಕಿಲೋಮೀಟರ್ ಆಚೆಯ ಜಿಲ್ಲಾ ಕೇಂದ್ರಕ್ಕೆ ಹೋಗುವವರೇ ಎಲ್ಲ. ಇದಿಷ್ಟನ್ನೇ ಕಂಡವರು ಪುತ್ತೂರನ್ನು ಮಂಗಳೂರಿನ ಬಾಲಂಗೋಚಿ ಎಂದಾರು. ಅಂಥವರು ಸೋಮವಾರ ಕಿಲ್ಲೆ ಮೈದಾನದ ಸಂತೆಗೆ ಬಂದು, ಸುತ್ತಲ ಹಳ್ಳಿಗಳು ಪುತ್ತೂರಿಗೆ ಬರುವುದನ್ನು ನೋಡಬೇಕು.

ಈ ಸೀಮೆ ಒಂದು ಕಾಲಕ್ಕೆ ಕೊಡಗಿನ ಅರಸರದ್ದು. 1834ರಲ್ಲಿ ಕೊಡಗನ್ನು ಈಸ್ಟ್ ಇಂಡಿಯಾ ಕುಂಪಣಿ ನುಂಗಿದಾಗ ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕೆನರಾ ಜಿಲ್ಲೆಗೆ ಸೇರಿದವು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. ಒಕ್ಕಲಿಗೆ ನಗದು ಎಲ್ಲಿಂದ ಬರಬೇಕು? 1837ರಲ್ಲಿ ಸಿಡಿದೆದ್ದ ರೈತರು ಬೆಳ್ಳಾರೆಯ ಖಜಾನೆ ಹಿಡಿದು, ಪುತ್ತೂರು ಹಾದು, ಮಂಗಳೂರಿನ ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿದರು. ಕೆಲವೇ ದಿನಗಳಲ್ಲಿ ದಂಗೆ ಅಡಗಿತು. ನಗದಿನ ಸಂಕಟ ಉಳಿಯಿತು.

ಅದಕ್ಕೆ ದಾರಿ ಹುಡುಕಿದವರು ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರು. 1914ರಲ್ಲಿ ಅವರ ಮುಂದಾಳ್ತನದಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಹುಟ್ಟಿದ್ದು ಇಲ್ಲೇ. ಮಂಗಳೂರಿಗೆ ಹೋದದ್ದು ಆಮೇಲೆ. 

ಇಂದು ಒಕ್ಕಲಿಗೆ ಆ ನಗದು ತರುವುದು ಅಡಿಕೆ. ಪೇಟೆಯ ಅಡಿಕೆ ಅಂಗಡಿಯಲ್ಲಿ ಚೀಲ ಇಳಿಸಿದೊಡನೆ ವ್ಯಾಪಾರಿ ಒಂದು ಬೊಗಸೆ ಸುರಿದು, ನಾಲ್ಕಾರು ಅಡಿಕೆ ಸೀಳಿ ಒಳಗನ್ನು ನೋಡುತ್ತಾನೆ. ಹೊಸತೋ, ಹಳೆಯದಾದ ಸಿಂಗಲ್ ಚೋಲೋ, ಇನ್ನೂ ಹಳೆಯ ಡಬ್ಬಲ್ ಚೋಲೋ? ಕಡಿಮೆ ದರ್ಜೆಯ ಪಟೋರ, ಉಳ್ಳಿ, ಕೋಕಗಳ ರಾಶಿ ಬೇರೆ, ದರವೂ ಬೇರೆ. ದಾಸ್ತಾನಿಟ್ಟು ಕಾಯಬಲ್ಲವನಿಗೆ ಹೆಚ್ಚು ದರ. ಮಗಳ ಮದುವೆಗೆಂದು ಅವಸರದಲ್ಲಿ ಮಾರುವವನಿಗೆ ಸಿಕ್ಕಿದಷ್ಟು. ಎಪ್ಪತ್ತರ ದಶಕದ ಆರಂಭದಲ್ಲಿ ದರ ಕುಸಿದು ಸಣ್ಣ ಕೃಷಿಕರು ಕಂಗೆಟ್ಟಾಗ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಕಟ್ಟಿದರು. ಅಡಿಕೆ ತೋಟದ ನಡುವೆ ನೆಟ್ಟಿದ್ದ ಕೊಕ್ಕೊಗೆ ಗಿರಾಕಿ ಇಲ್ಲವಾದಾಗ ಅದನ್ನೂ ಕೊಂಡ ಸಂಸ್ಥೆ, 1986ರಲ್ಲಿ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು.

ಸುಳ್ಯ ಪುತ್ತೂರಿನಿಂದ ಬೇರೆಯಾಗಿ ತಾಲ್ಲೂಕಾಯಿತು. ಕಡಬವೂ ಈಗ ತಾಲ್ಲೂಕು. ಇನ್ನು ಪುತ್ತೂರೇ ಜಿಲ್ಲೆಯಾಗಲಿ ಎಂಬ ಕೂಗು ಚುನಾವಣೆ ಬಂದಾಗಲೆಲ್ಲ ಜೋರಾಗುತ್ತದೆ. ಆದರೆ ಸಾಲು ಸಾಲು ಕಚೇರಿ ಬಂದರೂ ಪೇಟೆಯ ಲೆಕ್ಕ ಬದಲಾಗದು. ಸುಳ್ಯದ ತೋಟಗಳಿಗೆ ಹಳದಿ ಎಲೆ ರೋಗ, ಎಲೆಚುಕ್ಕಿ ನುಗ್ಗಿವೆ. ತೋಟ ಸೋತರೆ ಪುತ್ತೂರಿನ ಬಟ್ಟೆ ಅಂಗಡಿಯೂ ಚಿನ್ನದಂಗಡಿಯೂ ಖಾಲಿ ಹೊಡೆಯುತ್ತವೆ.