ಗಿಟಾರ್ ನುಡಿಸುತ್ತಲೇ ಮಿದುಳಿನ ಶಸ್ತ್ರಚಿಕಿತ್ಸೆ

2017ರಲ್ಲಿ ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಲ್ಲಿ ರೋಗಿಯೊಬ್ಬರು ಗಿಟಾರ್ ನುಡಿಸುತ್ತಿದ್ದರು. ಅದೇ ಹೊತ್ತಿಗೆ ವೈದ್ಯರು ಅವರ ಮಿದುಳಿನ ಚಿಕ್ಕದೊಂದು ಭಾಗವನ್ನು ಸುಡುತ್ತಿದ್ದರು! ಗಿಟಾರ್ ನುಡಿಸುವಾಗ ಅವರ ಎಡಗೈ ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ಇದಕ್ಕೆ ‘ಡಿಸ್ಟೋನಿಯಾ’ ಎನ್ನುತ್ತಾರೆ.

ನಮ್ಮ ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳುವುದಾದರೆ, ಇದು ತಪ್ಪು ಸಿಗ್ನಲ್ ಕಳಿಸುವ ಸರ್ಕಿಟ್ ಕತ್ತರಿಸುವ ಕೆಲಸ. ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು, ಸ್ಕ್ಯಾನ್‌ನ ಲೆಕ್ಕದಂತೆ ಎಲೆಕ್ಟ್ರೋಡನ್ನು ಥಲಾಮಸ್‌ವರೆಗೆ ಇಳಿಸುತ್ತಾರೆ. ಅದರ ತುದಿಯ ಸುತ್ತಲಿನ ಅಂಗಾಂಶವನ್ನು ಸಾಮಾನ್ಯವಾಗಿ 70–80 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಮಿದುಳಿಗೆ ನೋವು ತಿಳಿಯದು. ಬೆರಳು ಸಡಿಲವಾಯಿತೇ, ಮಾತು ತೊದಲಿತೇ ಎಂದು ನೋಡಲು ರೋಗಿ ಎಚ್ಚರವಿರಬೇಕು. ಅಂದು ಮೇಜಿನ ಮೇಲೆಯೇ ಅವರ ಬೆರಳುಗಳು ಸಡಿಲಗೊಂಡವು.

ಆದರೆ ಸುಟ್ಟಿದ್ದು ಮರಳಿ ಬಾರದು. 1949ರಲ್ಲಿ ನೊಬೆಲ್ ಪಡೆದ ಎಗಾಸ್ ಮೋನಿಜ್ ಅವರ ವಿಧಾನವನ್ನು ಅನುಸರಿಸಿದ ಲೊಬಾಟಮಿ, ಎಷ್ಟೋ ಮಾನಸಿಕ ರೋಗಿಗಳ ವ್ಯಕ್ತಿತ್ವವನ್ನೇ ಕಸಿಯಿತು. ಅಂದು ಇರದಿದ್ದ ನಿಖರ ಅಳತೆ ಇಂದು ಇದೆ. ಸುಡದೆ ವಿದ್ಯುತ್ ಪ್ರಚೋದನೆ ಕೊಡುವ ಸಾಧನವೂ ಇದೆ. ಆದರೆ ಅದು ದುಬಾರಿ. ತಂಬೂರದಂಥ ಹಳ್ಳಿಯ ರೈತ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ಗೆಳೆಯರೇ, ಮನೆಯ ಹಿರಿಯರ ಕೈ ನಡುಗಿದರೆ ‘ವಯಸ್ಸಾತು ಬಿಡ್ರಿ’ ಎಂದು ಸುಮ್ಮನಾಗದೆ ನರರೋಗ ತಜ್ಞರಿಗೆ ತೋರಿಸೋಣ. ಎಲ್ಲ ನಡುಕಕ್ಕೂ ಶಸ್ತ್ರಚಿಕಿತ್ಸೆ ಬೇಕಿಲ್ಲ, ಮಾತ್ರೆಯೇ ಸಾಕಾಗಬಹುದು.

– ಬಿ.ಇ. ವಿದ್ಯಾರ್ಥಿ, ತಂಬೂರ, ಕಲಘಟಗಿ ತಾಲ್ಲೂಕು