ತೋಟಗಾರನ ಮಡಚುಚೂರಿ

ನೇತ್ರಾವತಿಯ ದಕ್ಷಿಣದಲ್ಲಿರುವ ತೊಕ್ಕೊಟ್ಟಿನ ಪೇಟೆಯಲ್ಲಿ ಜೇಬಿಗೊಂದು ಮಡಚುಚೂರಿಯನ್ನು ಕೊಳ್ಳುವವರು ಹೊಳಪಿಗೆ ಮರುಳಾಗಿ ತುಕ್ಕು ಹಿಡಿಯದ ಉಕ್ಕನ್ನೇ ಬಯಸುವುದುಂಟು. ಕಡಲಗಾಳಿಯ ಸೀಮೆಯಲ್ಲಿ ಇದು ತಪ್ಪೆನ್ನಲಾಗದು. ಆದರೆ ಅಡಕೆತೋಟವುಳ್ಳವರು ಸಾದಾ ಉಕ್ಕಿನ ಅಲಗನ್ನೇ ಆರಿಸತಕ್ಕದ್ದು.

ಕೊಳೆರೋಗಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರು ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೇಕು. ಸುಣ್ಣವು ಹಳತಾಗಿ ಸತ್ವಗೆಟ್ಟಿದ್ದರೆ ತೂಕ ಸರಿಯಿದ್ದರೂ ಸಾಲದು. ಮಿಕ್ಕುಳಿದ ತಾಮ್ರವು ಎಳೆಯ ಭಾಗಗಳನ್ನು ಸುಡುತ್ತದೆ. ಇದನ್ನು ಕಂಡುಹಿಡಿಯುವುದಕ್ಕೆ ಜೇಬಿನ ಚೂರಿಯೇ ಸಾಕು. ಬೂದಿಯಿಂದ ಉಜ್ಜಿ ತೊಳೆದ ಅಲಗನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದಾಗ ಕೆಂಪುಲೇಪ ಕಂಡರೆ, ಅದು ಕಾಣದಾಗುವವರೆಗೂ ಸುಣ್ಣದ ಹಾಲನ್ನು ಬೆರೆಸುತ್ತ ಪುನಃ ಪರೀಕ್ಷಿಸಬೇಕು. ತುಕ್ಕು ಹಿಡಿಯದ ಅಲಗಿನ ಸಾಕ್ಷ್ಯವನ್ನು ಇಲ್ಲಿ ನಂಬುವಂತಿಲ್ಲ.

ಅಲಗು ಮೂರಂಗುಲವಿದ್ದರೆ ಧಾರಾಳ. ಬಿಡಿಸಿದಾಗ ಕೀಲಿನಲ್ಲಿ ಅಲುಗಾಟವಿರಬಾರದು. ಬಿಡಿಸಿ ನೋಡಗೊಡದ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು. ಗೇರುಗಿಡಕ್ಕೆ ಕಸಿಕಟ್ಟುವವರು ಅದಕ್ಕೆಂದೇ ಬೇರೊಂದು ಹರಿತವಾದ ಚೂರಿಯನ್ನು ಇಟ್ಟುಕೊಳ್ಳಲಿ.

ಪರೀಕ್ಷೆ ಮುಗಿದೊಡನೆ ಅಲಗನ್ನು ತೊಳೆದು ಒರೆಸಿ, ಕೀಲಿಗೂ ಅಲಗಿಗೂ ಎರಡು ಹನಿ ಕೊಬ್ಬರಿಯೆಣ್ಣೆಯನ್ನು ಸವರಿ ಮಡಚತಕ್ಕದ್ದು.